ಸಹಿ ಹಾಕಿದ ಮೇಲೂ ಸೇವಾ ಕರಾರನ್ನು ಪ್ರಶ್ನಿಸುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಗ್ರಾಹಕರಿಗೆ ಕೈಪಿಡಿ

ಪರೀಕ್ಷೆಗಳ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಜಗಳೂರು, ಹರಿಹರ, ಚನ್ನಗಿರಿ, ಹೊಳಲ್ಕೆರೆ ಕಡೆಗಳಿಂದ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬರುವ ತಂದೆ ತಾಯಿಯರು ಒಂದೇ ದಿನದಲ್ಲಿ ಕೋಚಿಂಗ್ ಕೇಂದ್ರದ ಪ್ರವೇಶ ಅರ್ಜಿ, ಪಿ.ಜಿ.ಯ ನಿಯಮಗಳ ಹಾಳೆ, ಕಂತಿನಲ್ಲಿ ಶುಲ್ಕ ಕಟ್ಟುವ ಸಾಲದ ಪತ್ರ, ಹೀಗೆ ಮೂರು ನಾಲ್ಕು ಕಡೆ ಸಹಿ ಹಾಕಿ ಊರಿಗೆ ಮರಳುತ್ತಾರೆ. ಊರಿನಲ್ಲೇ ಇರುವವರು ಕುಡಿಯುವ ನೀರಿನ ಫಿಲ್ಟರಿನ ವಾರ್ಷಿಕ ನಿರ್ವಹಣೆಗೆ, ಜಿಮ್ಮಿನ ಸದಸ್ಯತ್ವಕ್ಕೆ, ಮಗಳ ಮದುವೆಯ ಕಲ್ಯಾಣ ಮಂಟಪಕ್ಕೆ ಇಂಥದೇ ಹಾಳೆಗಳ ಮೇಲೆ ಸಹಿ ಮಾಡಿ ಮುಂಗಡ ಕೊಡುತ್ತಾರೆ. ಇವೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಸೇವಾ ಕರಾರುಗಳು. ತೊಂದರೆ ಬಂದು ಹಣ ಮರಳಿ ಕೇಳಿದಾಗ ಎದುರಿನವರು ಹೇಳುವ ಮಾತು ಬಹುತೇಕ ಒಂದೇ: ‘ನೀವೇ ಸಹಿ ಹಾಕಿದ್ದೀರಲ್ಲ, ನಿಯಮದಲ್ಲಿ ಬರೆದಿದೆ ನೋಡಿ.’ ಆ ಮಾತು ಕೇಳಿ ಸುಮ್ಮನಾಗಬೇಕಾಗಿಲ್ಲ. ಗ್ರಾಹಕ ಸಹಿ ಹಾಕಿದ ಷರತ್ತುಗಳನ್ನು ಮತ್ತೊಮ್ಮೆ ಓದಿ, ಅನ್ಯಾಯವೆನಿಸಿದ್ದನ್ನು ಹೊಡೆದುಹಾಕುವ ಅಧಿಕಾರವನ್ನು ಕಾನೂನು ರಾಜ್ಯ ಮತ್ತು ರಾಷ್ಟ್ರೀಯ ಗ್ರಾಹಕ ಆಯೋಗಗಳಿಗೆ ಕೊಟ್ಟಿದೆ. ಆ ಅಧಿಕಾರವನ್ನು ನಿಮ್ಮ ಪರವಾಗಿ ಬಳಸಿಕೊಳ್ಳಲು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾವ ಷರತ್ತು ಅನ್ಯಾಯದ್ದು

1986ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಬಹುಪಾಲು ಕಲಮುಗಳು 2020ರ ಜುಲೈ 20ರಿಂದ ಜಾರಿಯಲ್ಲಿವೆ. ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಒಂದು ವ್ಯಾಖ್ಯೆ ಹೊಸದರ 2(46)ನೇ ಕಲಮಿನಲ್ಲಿದೆ. ಅದು ಅನ್ಯಾಯದ ಕರಾರಿನ ವ್ಯಾಖ್ಯೆ. ಗ್ರಾಹಕನ ಹಕ್ಕುಗಳಲ್ಲಿ ಗಣನೀಯ ಬದಲಾವಣೆ ತರುವಂಥ ಷರತ್ತುಗಳಿರುವ ಕರಾರು ಎಂದು ಹೇಳಿ, ಆ ಕಲಮು ಆರು ಬಗೆಯ ಷರತ್ತುಗಳನ್ನು ಹೆಸರಿಸುತ್ತದೆ. ಕಣ್ಣಿಗೆ ಕಾಣುವಷ್ಟು ಅತಿಯಾದ ಭದ್ರತಾ ಠೇವಣಿಯನ್ನು ಕೇಳುವುದು ಮೊದಲನೆಯದು. ಹಾಸಿಗೆಯೊಂದಕ್ಕೆ ಹಲವು ತಿಂಗಳ ಬಾಡಿಗೆಯಷ್ಟು ಠೇವಣಿ ಕೇಳುವ ಪಿ.ಜಿ.ಯನ್ನು ಈ ಅಳತೆಗೆ ಹಚ್ಚಿ ನೋಡಬಹುದು. ಗ್ರಾಹಕ ಕರಾರು ಮುರಿದಾಗ ಆದ ನಷ್ಟಕ್ಕೆ ಯಾವ ಹೋಲಿಕೆಯೂ ಇಲ್ಲದಷ್ಟು ದಂಡ ಹಾಕುವುದು ಎರಡನೆಯದು. ನಿಗದಿಯಾದ ದಂಡ ಕೊಡಲು ಸಿದ್ಧನಿರುವ ಸಾಲಗಾರನಿಂದಲೂ ಅವಧಿಗೆ ಮುಂಚೆ ಸಾಲ ತೀರಿಸಿಕೊಳ್ಳಲು ಒಪ್ಪದಿರುವುದು, ಸರಿಯಾದ ಕಾರಣವಿಲ್ಲದೆ ಕರಾರನ್ನು ಏಕಪಕ್ಷೀಯವಾಗಿ ರದ್ದು ಮಾಡುವ ಹಕ್ಕನ್ನು ಒಬ್ಬರೇ ಇಟ್ಟುಕೊಳ್ಳುವುದು, ಗ್ರಾಹಕನ ಒಪ್ಪಿಗೆ ಪಡೆಯದೆ ಅವನಿಗೆ ನಷ್ಟವಾಗುವಂತೆ ಕರಾರನ್ನು ಮತ್ತೊಬ್ಬರಿಗೆ ವರ್ಗಾಯಿಸುವುದು, ಇವು ನಂತರದವು. ಕೊನೆಯದು ಎಲ್ಲಕ್ಕಿಂತ ವಿಶಾಲವಾದದ್ದು: ಗ್ರಾಹಕನನ್ನು ಅನನುಕೂಲ ಸ್ಥಿತಿಗೆ ತಳ್ಳುವ ಯಾವುದೇ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು.

ಕರಾರಿನ ಪತ್ರ ಕೈಗೆ ಬಂದಾಗ ಮೊದಲ ಪುಟದ ಹೊಗಳಿಕೆಯನ್ನು ಬಿಟ್ಟು, ರದ್ದತಿ, ಮರುಪಾವತಿ, ದಂಡ, ತಾನಾಗಿ ನವೀಕರಣ, ವ್ಯಾಜ್ಯ ಎಂಬ ಐದು ತಲೆಬರಹಗಳು ಎಲ್ಲಿವೆ ಎಂದು ಹುಡುಕಿ ಅವುಗಳನ್ನು ಮೊದಲು ಓದಬೇಕು. ಓದುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ: ನಾನು ತಪ್ಪಿದರೆ ನನಗೆ ಆಗುವ ಶಿಕ್ಷೆ, ಅವರು ತಪ್ಪಿದಾಗ ಅವರಿಗೂ ಆಗುತ್ತದೆಯೇ? ಸರ್ವೋಚ್ಚ ನ್ಯಾಯಾಲಯ 2019ರ ಏಪ್ರಿಲ್‌ನಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಕೇಳಿದ್ದು ಈ ಪ್ರಶ್ನೆಯನ್ನೇ. ಅಲ್ಲಿ ಫ್ಲ್ಯಾಟ್ ಕೊಂಡವರು ಕಂತು ತಡಮಾಡಿದರೆ ಶೇ. 18ರ ಬಡ್ಡಿ, ಕಟ್ಟಡ ಕಟ್ಟಿಸುವ ಕಂಪನಿಯ ತಪ್ಪಿನಿಂದ ಹಣ ಮರಳಿಸಬೇಕಾದಾಗ ಶೇ. 9 ಮಾತ್ರ. ಸಹಿ ಹಾಕುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲದವನು ಚುಕ್ಕೆಗೆರೆಯ ಮೇಲೆ ಸಹಿ ಹಾಕಿದ್ದಾನೆಂಬ ಕಾರಣಕ್ಕೆ ಇಂಥ ಒಮ್ಮುಖದ ಷರತ್ತು ಅವನನ್ನು ಕಟ್ಟಿಹಾಕುವುದಿಲ್ಲ, ಅಂಥ ಷರತ್ತನ್ನು ಹೇರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಆ ತೀರ್ಪು ಬಂದದ್ದು ಹಳೆಯ ಕಾಯ್ದೆಯಡಿ, ಅನ್ಯಾಯದ ಕರಾರಿನ ವ್ಯಾಖ್ಯೆ ಇನ್ನೂ ಇಲ್ಲದಿದ್ದಾಗ. ಇದು ಏಕೆ ಮುಖ್ಯವೆಂಬುದು ಮುಂದೆ ಯಾವ ಆಯೋಗಕ್ಕೆ ಹೋಗಬೇಕೆಂಬ ವಿಚಾರ ಬಂದಾಗ ತಿಳಿಯುತ್ತದೆ.

ಸಹಿಗೆ ಮುಂಚೆ

ಬಾಯಲ್ಲಿ ಕೊಟ್ಟ ಭರವಸೆಗೂ ಹಾಳೆಯಲ್ಲಿ ಬರೆದದ್ದಕ್ಕೂ ಅಂತರವಿದ್ದರೆ, ಆ ಭರವಸೆಯನ್ನು ಸಹಿಗೆ ಮುಂಚೆಯೇ ವಾಟ್ಸಾಪ್ ಅಥವಾ ಇಮೇಲ್ ಮೂಲಕ ಅವರಿಗೆ ಬರೆದು ಕಳಿಸಿ. ‘ಮಗ ಒಂದು ತಿಂಗಳೊಳಗೆ ಬಿಟ್ಟರೆ ಉಳಿದ ಹಣ ಮರಳಿಸುತ್ತೇವೆಂದು ನಿಮ್ಮ ಕಚೇರಿಯಲ್ಲಿ ಇಂದು ಹೇಳಿದಿರಿ, ಅದನ್ನು ನಂಬಿ ಹಣ ಕಟ್ಟುತ್ತಿದ್ದೇನೆ, ಹೌದೆಂದು ತಿಳಿಸಿ’ ಎಂದು ಕನ್ನಡದಲ್ಲಿ ಎರಡು ಸಾಲು ಬರೆದರೆ ಸಾಕು. ಉತ್ತರ ಬಂದರೆ ಅದು ಸಾಕ್ಷ್ಯವಾಗುತ್ತದೆ. ಬಾರದಿದ್ದರೆ ಆ ಭರವಸೆಯ ಬೆಲೆ ಎಷ್ಟೆಂದು ಹಣ ಕಟ್ಟುವ ಮೊದಲೇ ನಿಮಗೆ ತಿಳಿದಂತಾಗುತ್ತದೆ. ಸಂದೇಶಗಳನ್ನು ಅಳಿಸದೆ ಫೋನಿನಲ್ಲೇ ಉಳಿಸಿಕೊಳ್ಳಿ, ಏಕೆಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಡಿಜಿಟಲ್ ದಾಖಲೆಯ ಪ್ರತಿಯ ಜೊತೆ ಅದನ್ನು ದೃಢೀಕರಿಸುವ ಸರ್ಟಿಫಿಕೇಟನ್ನೂ ಕೊಡಬೇಕಾಗಬಹುದು.

ಸಹಿ ಹಾಕಿದ ಪತ್ರದ ಪ್ರತಿಯನ್ನು ಆಗಲೇ ಕೇಳಿ ಪಡೆಯಿರಿ. ಕೊಡುವುದಿಲ್ಲವೆಂದರೆ ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ. ಹಣವನ್ನು ನಗದಾಗಿ ಕೊಡಬೇಡಿ, ಕೊಟ್ಟರೆ ರಸೀದಿ ಇಲ್ಲದೆ ಹೊರಡಬೇಡಿ. ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿಯೇ ಸೇರಿಸಿದೆ.

ಕೆಲವು ಸೇವೆಗಳಲ್ಲಿ ಕರಾರಿನ ಒಳಗೆ ಏನಿರಬೇಕು, ಏನಿರಬಾರದು ಎಂಬುದನ್ನು ನಿಯಂತ್ರಕರೇ ಗೊತ್ತುಮಾಡಿದ್ದಾರೆ. ಅಂಥ ಕಡೆ ನೀವು ಚೌಕಾಶಿ ಮಾಡುವ ಅಗತ್ಯವಿಲ್ಲ, ನಿಯಮವನ್ನು ಹೆಸರಿಸಿ ಕೇಳಿದರೆ ಸಾಕು. 2024ರ ಅಕ್ಟೋಬರ್ 1ರ ನಂತರದ ಚಿಲ್ಲರೆ ಸಾಲಗಳಿಗೆಲ್ಲ ಬಡ್ಡಿ, ಶುಲ್ಕ, ಒಟ್ಟು ವಾರ್ಷಿಕ ವೆಚ್ಚ ಇವನ್ನು ಒಂದೇ ಕಡೆ ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಆ ಪತ್ರದಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆ ವಸೂಲಿ ಮಾಡುವಂತಿಲ್ಲ. ಕೋಚಿಂಗ್ ಶುಲ್ಕಕ್ಕೆಂದು ಕೊಡಿಸುವ ಕಂತಿನ ಸಾಲವೂ ಸಾಲವೇ, ಹಾಗಾಗಿ ಆ ಪತ್ರವನ್ನು ಕನ್ನಡದಲ್ಲಿ ಕೇಳಿ. ಜೀವ ವಿಮೆ ಅಥವಾ ಆರೋಗ್ಯ ವಿಮೆಯ ಪಾಲಿಸಿಯ ದಾಖಲೆ ಕೈಸೇರಿದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಪಾಲಿಸಿಯನ್ನು ಮರಳಿಸುವ ಹಕ್ಕಿದೆ. ಹೊಸ ಬಡಾವಣೆಯಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ (ರೇರಾ) ನೋಂದಣಿಯಾದ ನಿವೇಶನ ಕೊಳ್ಳುವವರಿಂದ, ಲಿಖಿತ ಮಾರಾಟ ಕರಾರು ಮಾಡಿಕೊಂಡು ಅದನ್ನು ನೋಂದಾಯಿಸುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯುವಂತಿಲ್ಲ ಎನ್ನುತ್ತದೆ ಆ ಕಾಯ್ದೆಯ 13ನೇ ಕಲಮು.

ಹಣ ಮರಳಿ ಕೇಳುವಾಗ

ಈ ಭಾಗದಲ್ಲಿ ಗ್ರಾಹಕರು ಹೆಚ್ಚು ಕಳೆದುಕೊಳ್ಳುವುದು ಮೌನದಿಂದ. ತರಗತಿಗೆ ಹೋಗುವುದನ್ನು ನಿಲ್ಲಿಸುತ್ತಾರೆ, ಜಿಮ್ಮಿಗೆ ಕಾಲಿಡುವುದಿಲ್ಲ, ಮೆಕ್ಯಾನಿಕ್ ಬಾರದಿದ್ದರೆ ಬೈದುಕೊಂಡು ಬೇರೆಯವರನ್ನು ಕರೆಸುತ್ತಾರೆ, ಆದರೆ ಕರಾರು ಮುಗಿಸಿದ್ದೇವೆಂದು ಬರೆದು ತಿಳಿಸುವುದಿಲ್ಲ. ಬರೆದು ತಿಳಿಸದಿದ್ದರೆ ಸೇವೆ ಬೇಡವೆಂದದ್ದು ಯಾವ ದಿನ ಎಂಬುದೇ ವಿವಾದಕ್ಕೆ ಬೀಳುತ್ತದೆ. ಆದ್ದರಿಂದ ನಿರ್ಧಾರ ಮಾಡಿದ ದಿನವೇ ಒಂದು ಪತ್ರ ಬರೆಯಿರಿ. ಅದರಲ್ಲಿ ಕರಾರಿನ ದಿನಾಂಕ, ಕಟ್ಟಿದ ಹಣ, ಸೇವೆ ಸಿಕ್ಕ ಅವಧಿ, ಆದ ನ್ಯೂನತೆ ಅಥವಾ ಬಿಡುವ ಕಾರಣ, ಮರಳಿಸಬೇಕಾದ ಮೊತ್ತ ಮತ್ತು ಅದನ್ನು ಲೆಕ್ಕ ಹಾಕಿದ ಬಗೆ ಇರಲಿ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ವಿವರದ ಮುದ್ರಿತ ಪ್ರತಿಯನ್ನೂ ಒಂದೇ ಕಡತದಲ್ಲಿಡಿ. ವಕೀಲರ ನೋಟಿಸು ಕಾನೂನಿನ ಕಡ್ಡಾಯವಲ್ಲ. ನೀವೇ ಬರೆದ ಸ್ಪಷ್ಟವಾದ ಪತ್ರವೂ ಅದೇ ಕೆಲಸ ಮಾಡುತ್ತದೆ.

ಲೆಕ್ಕವನ್ನು ನ್ಯಾಯವಾಗಿ ಹಾಕಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಎರಡು ವರ್ಷದ ಕೋಚಿಂಗಿಗೆ 1,20,000 ರೂಪಾಯಿ ಕಟ್ಟಿ ಆರು ತಿಂಗಳಿಗೆ ಬಿಟ್ಟರೆ, ಕೇಳಬೇಕಾದದ್ದು ಉಳಿದ 18 ತಿಂಗಳ 90,000 ರೂಪಾಯಿಯನ್ನು. ಸಿಟ್ಟಿನಲ್ಲಿ ಪೂರ್ತಿ ಮೊತ್ತ ಕೇಳಿದರೆ ನಿಮ್ಮ ವಾದವೇ ಸೊರಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯೂ ಇದೇ ಲೆಕ್ಕವನ್ನು ಹೇಳುತ್ತದೆ: ಪೂರ್ತಿ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಪ್ರಮಾಣಾನುಸಾರ 10 ದಿನಗಳೊಳಗೆ ಮರಳಿಸಬೇಕು. ಅದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ, ಹಾಗಾಗಿ ಅದೊಂದನ್ನೇ ನೆಚ್ಚಬೇಡಿ; ಆದರೂ ಸರ್ಕಾರವೇ ನ್ಯಾಯವೆಂದು ಒಪ್ಪಿದ ಅಳತೆ ಯಾವುದೆಂದು ತೋರಿಸಲು ನಿಮ್ಮ ಪತ್ರದಲ್ಲಿ ಅದನ್ನು ಉಲ್ಲೇಖಿಸಬೇಕು.

ಕಲ್ಯಾಣ ಮಂಟಪದ ಮುಂಗಡದ ವಿಚಾರ ಇಷ್ಟು ಸರಳವಲ್ಲ. ಮದುವೆ ಮುಂದೆ ಹೋದಾಗ ಮುಂಗಡವನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳುವ ಷರತ್ತು ಹಲವೆಡೆ ಇರುತ್ತದೆ. ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ಸಿಗುವುದು ಆ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರ ಮಾತ್ರ. ಆದ್ದರಿಂದ ನೀವು ಪತ್ತೆ ಹಚ್ಚಬೇಕಾದ ಸಂಗತಿ ಒಂದಿದೆ: ಅದೇ ಮುಹೂರ್ತದ ದಿನಕ್ಕೆ ಆ ಮಂಟಪ ಮತ್ತೊಬ್ಬರಿಗೆ ಹೋಯಿತೇ? ಹೋಗಿದ್ದರೆ ಮಾಲೀಕರಿಗಾದ ನಷ್ಟ ಅತ್ಯಲ್ಪ, ನಿಮ್ಮ ಬೇಡಿಕೆ ಬಲವಾದದ್ದು. ಲಗ್ನದ ಕಾಲದಲ್ಲಿ ಕೊನೆಯ ವಾರದಲ್ಲಿ ರದ್ದು ಮಾಡಿ ಮಂಟಪ ಖಾಲಿ ಉಳಿದಿದ್ದರೆ, ಅವರ ನಷ್ಟವೂ ನಿಜವಾದದ್ದೇ. ಆಗ ಒಂದು ಪಾಲಿಗೆ ರಾಜಿಯಾಗುವುದು ವಿವೇಕದ ಮಾತು.

ನ್ಯೂನತೆಯಿರುವ ಸೇವೆಯನ್ನು ನಿಲ್ಲಿಸಿ ಹಣ ಮರಳಿಸಲು ಒಪ್ಪದಿರುವುದನ್ನೂ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆಯುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದಕ್ಕಿರುವ ಗಡುವು 30 ದಿನ. ನಿಮ್ಮ ಪತ್ರದಲ್ಲಿ ಈ 30 ದಿನದ ಮಾತನ್ನು ಬರೆಯಿರಿ. ಆನ್‌ಲೈನಿನಲ್ಲಿ ಕೊಂಡ ಸೇವೆಯಾದರೆ ಆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರನ್ನು ಸ್ವೀಕರಿಸಿದ್ದೇನೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳಿವೆ. ಸದಸ್ಯತ್ವ ರದ್ದು ಮಾಡುವ ದಾರಿಯನ್ನೇ ಬಚ್ಚಿಡುವುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿದ ಹದಿಮೂರು ಮೋಸದ ವಿನ್ಯಾಸಗಳಲ್ಲಿ (ಡಾರ್ಕ್ ಪ್ಯಾಟರ್ನ್) ಒಂದು.

ಇದೇ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದಕ್ಕೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ಅದು ಕಂಪನಿಗೆ ದೂರನ್ನು ತಲುಪಿಸಿದಾಗ ಹಲವು ಸಣ್ಣ ಮೊತ್ತದ ವ್ಯಾಜ್ಯಗಳು ಅಲ್ಲಿಯೇ ಮುಗಿಯುತ್ತವೆ. ಒಬ್ಬರಿಗಲ್ಲದೆ ಹಲವರಿಗೆ ಒಂದೇ ರೀತಿಯಲ್ಲಿ ಮೋಸವಾಗಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಬಹುದು. ಜಿಲ್ಲಾಧಿಕಾರಿ ವಿಚಾರಣೆ ನಡೆಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಲ್ಲರು. ಒಂದೇ ಕೇಂದ್ರದಲ್ಲಿ ಹಣ ಕಳೆದುಕೊಂಡ ಪೋಷಕರು ಒಟ್ಟಾಗಿ ಈ ದಾರಿ ಹಿಡಿಯುವುದು ನಮ್ಮ ಕಡೆ ಇನ್ನೂ ಹೆಚ್ಚಾಗಬೇಕೆಂಬುದು ನನ್ನ ಆಸೆ.

ಜಿಲ್ಲಾ ಆಯೋಗವೋ, ರಾಜ್ಯ ಆಯೋಗವೋ

ದಾವಣಗೆರೆಗೂ ಚಿತ್ರದುರ್ಗಕ್ಕೂ ತಮ್ಮದೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಗಳಿವೆ. ರಾಜ್ಯ ಆಯೋಗ ಬೆಂಗಳೂರಿನಲ್ಲಿದೆ. 2021ರ ಡಿಸೆಂಬರಿನ ನಿಯಮಗಳಂತೆ, ಸೇವೆಗೆಂದು ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಸೇರುತ್ತದೆ. ಇಲ್ಲಿ ನೋಡುವುದು ನೀವು ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. ಅಂಥ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000.

ತೊಡಕು ಇರುವುದು ಬೇರೆಡೆ. ಒಂದು ಷರತ್ತು ಅನ್ಯಾಯದ್ದು, ಆದ್ದರಿಂದ ಅದು ಅನೂರ್ಜಿತ ಎಂದು ಘೋಷಿಸುವ ಅಧಿಕಾರವನ್ನು ಕಾಯ್ದೆ 47 ಮತ್ತು 49ನೇ ಕಲಮುಗಳಲ್ಲಿ ರಾಜ್ಯ ಆಯೋಗಕ್ಕೆ, ಮುಂದಿನ ಕಲಮುಗಳಲ್ಲಿ ರಾಷ್ಟ್ರೀಯ ಆಯೋಗಕ್ಕೆ ಕೊಟ್ಟಿದೆ. ಜಿಲ್ಲಾ ಆಯೋಗದ ಅಧಿಕಾರಗಳನ್ನು ಹೇಳುವ ಕಲಮುಗಳಲ್ಲಿ ಆ ಮಾತು ಇಲ್ಲ. ಹೊಳಲ್ಕೆರೆಯ ರೈತನೊಬ್ಬ 30,000 ರೂಪಾಯಿಯ ಕರಾರಿನ ಒಂದು ಸಾಲನ್ನು ಹೊಡೆದುಹಾಕಿಸಲು ಬೆಂಗಳೂರಿಗೆ ಹೋಗಬೇಕೆನ್ನುವುದು ನ್ಯಾಯವಲ್ಲ, ಈ ಅಧಿಕಾರ ಜಿಲ್ಲಾ ಆಯೋಗಕ್ಕೂ ಸಿಗಬೇಕು ಎಂದೇ ನಾನು ನಂಬಿದ್ದೇನೆ. ಆದರೆ ಕಾಯ್ದೆ ಹೀಗಿರುವವರೆಗೆ ದೂರನ್ನು ಬರೆಯುವ ರೀತಿಯಲ್ಲಿ ಎಚ್ಚರ ಬೇಕು. ‘ಈ ಷರತ್ತನ್ನು ಅನೂರ್ಜಿತವೆಂದು ಘೋಷಿಸಿ’ ಎಂಬುದನ್ನೇ ಮುಖ್ಯ ಬೇಡಿಕೆಯಾಗಿಸಿ ಜಿಲ್ಲಾ ಆಯೋಗದ ಮುಂದೆ ಹೋದರೆ, ಅಧಿಕಾರ ವ್ಯಾಪ್ತಿಯಿಲ್ಲವೆಂಬ ಆಕ್ಷೇಪಣೆ ಮೊದಲ ದಿನವೇ ಬರಬಹುದು. ಅದರ ಬದಲು, ಸೇವೆಯಲ್ಲಿ ಇಂಥ ನ್ಯೂನತೆಯಾಗಿದೆ, ಒಮ್ಮುಖದ ಷರತ್ತನ್ನು ಮುಂದೆ ಮಾಡಿ ಹಣ ಹಿಡಿದಿಟ್ಟುಕೊಂಡಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ, ಆದ್ದರಿಂದ ಇಷ್ಟು ಹಣವನ್ನು ಬಡ್ಡಿಸಹಿತ ಮರಳಿಸಲು ಆದೇಶಿಸಬೇಕು ಎಂದು ಕೇಳಿ. ಇವೆರಡೂ ಜಿಲ್ಲಾ ಆಯೋಗದ ವ್ಯಾಪ್ತಿಗೆ ನೇರವಾಗಿ ಸೇರಿದವು, ಪಯೋನಿಯರ್ ತೀರ್ಪು ಒಮ್ಮುಖದ ಷರತ್ತನ್ನು ಇದೇ ಹೆಸರಿನಿಂದ ಕರೆದಿರುವುದರಿಂದ ಆಧಾರವೂ ಗಟ್ಟಿಯಾಗಿದೆ. ಹಣ ಮರಳುವುದಷ್ಟೇ ನಿಮಗೆ ಬೇಕಾಗಿದ್ದರೆ ಇದೇ ದಾರಿ ಸಾಕು. ಷರತ್ತನ್ನೇ ತೆಗೆಸದೆ ಉಪಾಯವಿಲ್ಲವೆನ್ನುವ ಪ್ರಕರಣಗಳಿಗೆ, ಉದಾಹರಣೆಗೆ ಹಲವು ವರ್ಷ ನಡೆಯಬೇಕಾದ ರಜಾ ಕ್ಲಬ್ಬಿನ ಸದಸ್ಯತ್ವಕ್ಕೆ, ರಾಜ್ಯ ಆಯೋಗದ ದಾರಿಯನ್ನು ಮೀಸಲಿಡಿ.

ಕಂಪನಿಯ ಕಚೇರಿ ಮುಂಬೈಯಲ್ಲಿದೆ, ‘ಎಲ್ಲ ವ್ಯಾಜ್ಯಗಳೂ ಮುಂಬೈ ನ್ಯಾಯಾಲಯಗಳಿಗೆ ಒಳಪಟ್ಟಿವೆ’ ಎಂದು ಅಚ್ಚಾಗಿದೆ ಎಂಬ ಕಾರಣಕ್ಕೆ ಹಿಂಜರಿಯಬೇಡಿ. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಕಲಮು ಅವಕಾಶ ಕೊಟ್ಟಿದೆ. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಮಧ್ಯಸ್ಥಗಾರರ (ಆರ್ಬಿಟ್ರೇಟರ್) ಮುಂದೆಯೇ ಹೋಗಬೇಕೆಂಬ ಷರತ್ತೂ ಗ್ರಾಹಕ ಆಯೋಗದ ಬಾಗಿಲನ್ನು ಮುಚ್ಚುವುದಿಲ್ಲವೆಂದು 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಅಶೋಕ ರಸ್ತೆಯಲ್ಲಿ ಸ್ವತಃ ಜೆರಾಕ್ಸ್ ಅಂಗಡಿ ನಡೆಸುವವನು ತನ್ನ ಯಂತ್ರದ ನಿರ್ವಹಣಾ ಕರಾರಿನ ಬಗ್ಗೆ ದೂರು ಕೊಡಬಹುದೇ ಎಂಬ ಸಂದೇಹ ಸಹಜ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಕಾಯ್ದೆ ಗ್ರಾಹಕರ ಸಾಲಿನಿಂದ ಹೊರಗಿಟ್ಟಿದೆ, ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾಡುವ ಕಸುಬು ಆ ವಾಣಿಜ್ಯದಲ್ಲಿ ಸೇರುವುದಿಲ್ಲ. ದೂರಿನಲ್ಲಿ ಆ ಸಂಗತಿಯನ್ನು ಸ್ಪಷ್ಟವಾಗಿ ಬರೆದಿರಬೇಕು.

ದೂರು ಕೊಟ್ಟ ಮೇಲೆ

ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಕಂಪನಿಯವರು ‘ನೋಡೋಣ’ ಎನ್ನುತ್ತಾ ತಿಂಗಳುಗಳನ್ನು ತಳ್ಳಿದರೆ ಆ ಕಾಲವೂ ಈ ಎರಡು ವರ್ಷದಲ್ಲೇ ಕಳೆದುಹೋಗುತ್ತದೆ. 2025ರ ಜನವರಿಯಿಂದ ನಡೆಯುತ್ತಿರುವ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಹೇಳುವ ದೂರು, ಅದನ್ನು ದೃಢೀಕರಿಸುವ ಪ್ರಮಾಣಪತ್ರ (ಅಫಿಡವಿಟ್), ಕರಾರು, ರಸೀದಿ, ನೀವು ಬರೆದ ಪತ್ರ ಹಾಗೂ ಸಂದೇಶಗಳ ಪ್ರತಿಗಳು ಅದರ ಜೊತೆಗಿರಬೇಕು. ವಿಚಾರಣೆ ಹೆಚ್ಚಾಗಿ ದಾಖಲೆ ಮತ್ತು ಪ್ರಮಾಣಪತ್ರಗಳ ಮೇಲೆಯೇ ನಡೆಯುವುದರಿಂದ ವಕೀಲರಿಲ್ಲದೆ ನೀವೇ ವಾದಿಸಬಹುದು. ಉಚಿತ ನೆರವು ಬೇಕಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವಿಗೆ ಆದಾಯದ ಮಿತಿಯಿಲ್ಲ.

ನೋಟಿಸು ತಲುಪಿದ ಎದುರುದಾರರು 30 ದಿನಗಳೊಳಗೆ ಉತ್ತರ ಸಲ್ಲಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಈ 45 ದಿನ ಮೀರಿದ ಮೇಲೆ ಕಾಲ ವಿಸ್ತರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೇ 2020ರಲ್ಲಿ ಹೇಳಿದೆ. ಆದ್ದರಿಂದ ನೋಟಿಸು ತಲುಪಿದ ದಿನಾಂಕವನ್ನು ಗುರುತು ಮಾಡಿಟ್ಟು, ಆ ಮಿತಿ ಮೀರಿ ಬಂದ ಉತ್ತರಕ್ಕೆ ನೀವೇ ಆಕ್ಷೇಪಣೆ ಎತ್ತಬೇಕು. ವಸ್ತುವಿನ ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಿ. ನಡುವೆ ರಾಜಿ ಮಾತುಕತೆಯ ಮಧ್ಯಸ್ಥಿಕೆಯ (ಮೀಡಿಯೇಷನ್) ಪ್ರಸ್ತಾಪ ಬಂದರೆ, ಕೊಡುವ ಮೊತ್ತ ನಿಮ್ಮ ಲೆಕ್ಕಕ್ಕೆ ಹತ್ತಿರವಿದ್ದಾಗ ಒಪ್ಪಿಕೊಳ್ಳುವುದು ಒಳ್ಳೆಯದು.

ಆದೇಶ ನಿಮ್ಮ ಪರವಾಗಿ ಬಂದರೆ ಎದುರುದಾರರು 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧದಷ್ಟನ್ನು ಠೇವಣಿ ಇಟ್ಟ ನಂತರವೇ. ಮೇಲ್ಮನವಿಯನ್ನೂ ಹೋಗದೆ ಹಣವನ್ನೂ ಕೊಡದಿದ್ದರೆ, ಅದೇ ಜಿಲ್ಲಾ ಆಯೋಗಕ್ಕೆ ಜಾರಿ ಅರ್ಜಿ ಹಾಕಿ: 71ನೇ ಕಲಮಿನಡಿ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಿಸಬಹುದು, 72ನೇ ಕಲಮಿನಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗಿನ ಸೆರೆವಾಸ, 25,000ಕ್ಕೆ ಕಡಿಮೆಯಿಲ್ಲದ ಹಾಗೂ ಒಂದು ಲಕ್ಷದವರೆಗಿನ ದಂಡ, ಅಥವಾ ಇವೆರಡನ್ನೂ ಕೇಳಬಹುದು. ಅರ್ಜಿಯ ಜೊತೆ ಆದೇಶದ ದೃಢೀಕೃತ ಪ್ರತಿಯನ್ನೂ, ಅಸಲು ಮತ್ತು ಬಡ್ಡಿ ಬೇರೆ ಬೇರೆಯಾಗಿ ತೋರಿಸಿದ ಬಾಕಿ ಲೆಕ್ಕವನ್ನೂ ಲಗತ್ತಿಸಿ.